ಸಿಂಗಪುರಕ್ಕಿಂತ ಸೈಬೀರಿಯಾ ಬಿಸಿ!

ಸಿಂಗಪುರ ಇರುವುದು ಭೂಮಧ್ಯರೇಖೆಯಿಂದ ಬರೀ 1.3 ಡಿಗ್ರಿ ಉತ್ತರಕ್ಕೆ. ಅಲ್ಲಿ ಇದುವರೆಗೆ ದಾಖಲಾದ ಅತಿ ಹೆಚ್ಚು ಉಷ್ಣಾಂಶ 37 ಡಿಗ್ರಿ ಸೆಲ್ಸಿಯಸ್. 1983ರಲ್ಲಿ ಒಮ್ಮೆ, 2023ರ ಮೇ ತಿಂಗಳಲ್ಲಿ ಇನ್ನೊಮ್ಮೆ ಅಷ್ಟಾಗಿತ್ತು. ಈಗ ಸೈಬೀರಿಯಾದ ವೆರ್ಖೊಯಾನ್ಸ್ಕ್ ಎಂಬ ಪುಟ್ಟ ಊರಿಗೆ ಬನ್ನಿ. 67.5 ಡಿಗ್ರಿ ಉತ್ತರ, ಅಂದರೆ ಆರ್ಕ್ಟಿಕ್ ವೃತ್ತದ ಒಳಗೆ. 2020ರ ಜೂನ್ 20ರಂದು ಅಲ್ಲಿ 38 ಡಿಗ್ರಿ! ವಿಶ್ವ ಹವಾಮಾನ ಸಂಸ್ಥೆ ಪರಿಶೀಲಿಸಿ ಒಪ್ಪಿಕೊಂಡ ಅಂಕಿ ಇದು. ಅಷ್ಟೇ ಅಲ್ಲ, 53 ಡಿಗ್ರಿ ಉತ್ತರದಲ್ಲಿರುವ ಇಂಗ್ಲೆಂಡಿನ ಕೋನಿಂಗ್ಸ್‌ಬಿಯಲ್ಲಿ 2022ರ ಜುಲೈನಲ್ಲಿ 40.3 ಆಯಿತು. 50 ಡಿಗ್ರಿ ಉತ್ತರದ ಕೆನಡಾದ ಲಿಟನ್ ಎಂಬ ಹಳ್ಳಿಯಲ್ಲಿ 2021ರ ಜೂನ್ 29ರಂದು 49.6. ಮರುದಿನ ಆ ಊರಿನ ಬಹುಪಾಲು ಬೆಂಕಿಗೆ ಆಹುತಿಯಾಯಿತು.

ಭೂಮಧ್ಯರೇಖೆಗೆ ಹತ್ತಿರ ಹೋದಷ್ಟೂ ಬಿಸಿ, ದೂರ ಹೋದಷ್ಟೂ ಚಳಿ ಅಂತ ಶಾಲೆಯಲ್ಲಿ ಕಲಿತದ್ದು ಸುಳ್ಳೇನಲ್ಲ. ಇಡೀ ವರ್ಷದ ಸರಾಸರಿ ತೆಗೆದರೆ ಅದು ಸರಿ. ತೊಂದರೆ ಏನಂದರೆ ನಾವು ಅದನ್ನು ಬೇಸಿಗೆಗೂ ಅನ್ವಯಿಸಿಬಿಡುತ್ತೇವೆ. ಸಿಂಗಪುರಕ್ಕೆ ಹೊರಟವರಿಗೆ "ಅಯ್ಯೋ, ಅಲ್ಲಿ ಸುಟ್ಟು ಹೋಗ್ತೀರಿ" ಅನ್ನುವವರೇ ಮೇ ತಿಂಗಳಲ್ಲಿ ದಿಲ್ಲಿಗೆ ಟಿಕೆಟ್ ಮಾಡಿಸಿಕೊಂಡಿರುತ್ತಾರೆ.

ದಿಲ್ಲಿಯ ವಿಷಯವನ್ನೇ ನೋಡಿ. ಅದು ಕರ್ಕಾಟಕ ಸಂಕ್ರಾಂತಿ ವೃತ್ತಕ್ಕಿಂತ ಉತ್ತರಕ್ಕಿದೆ. ಅಲ್ಲಿ ವರ್ಷದ ಯಾವ ದಿನವೂ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುವುದೇ ಇಲ್ಲ. 2016ರ ಮೇ 19ರಂದು 51 ಡಿಗ್ರಿ ಕಂಡ ರಾಜಸ್ಥಾನದ ಫಲೋದಿಯಲ್ಲೂ ಬರುವುದಿಲ್ಲ. 1913ರ ಜುಲೈನಲ್ಲಿ 56.7 ದಾಖಲಾಗಿ, ಇವತ್ತಿಗೂ ಅಧಿಕೃತ ವಿಶ್ವದಾಖಲೆ ಅನ್ನಿಸಿಕೊಂಡಿರುವ ಅಮೆರಿಕದ ಡೆತ್ ವ್ಯಾಲಿಯಂತೂ ಇನ್ನೂ ಉತ್ತರಕ್ಕಿದೆ. ನಮ್ಮ ಬೆಂಗಳೂರಿನಲ್ಲಿ ಸೂರ್ಯ ವರ್ಷಕ್ಕೆ ಎರಡು ಸಲ ನೆತ್ತಿಗೆ ಬರುತ್ತಾನೆ. ಆದರೂ ಸಾವಿರ ಮೀಟರಿಗೆ ಹತ್ತಿರದ ಎತ್ತರ ಇರುವುದರಿಂದ ಇಲ್ಲಿಯ ದಾಖಲೆ 39.2ಕ್ಕೆ ನಿಂತಿದೆ.

ನೆತ್ತಿಯ ಸೂರ್ಯನನ್ನು ನೀವೇ ಪರೀಕ್ಷಿಸಬಹುದು. ಏಪ್ರಿಲ್ 24ರ ಸುಮಾರಿಗೆ ಬೆಂಗಳೂರಿನಲ್ಲಿ ಮಧ್ಯಾಹ್ನ 12.17ರ ಹೊತ್ತಿಗೆ ಒಂದು ನೀರಿನ ಬಾಟಲಿಯನ್ನು ತಾರಸಿಯ ಮೇಲೆ ನೇರವಾಗಿ ನಿಲ್ಲಿಸಿ. ನೆರಳು ಬುಡದೊಳಗೇ ಸೇರಿಕೊಂಡಿರುತ್ತದೆ. ಅಲ್ಲಿಂದ ಆಗಸ್ಟ್ 18ರವರೆಗೆ ಮಧ್ಯಾಹ್ನದ ಸೂರ್ಯ ನಮಗೆ ಉತ್ತರ ದಿಕ್ಕಿನಲ್ಲಿರುತ್ತಾನೆ, ನೆರಳು ದಕ್ಷಿಣಕ್ಕೆ ಬೀಳುತ್ತದೆ. ಉತ್ತರದ ಕಿಟಕಿಗೆ ಬಿಸಿಲು ಬರುವುದೇ ಇಲ್ಲ ಎನ್ನುವ ವಾಸ್ತು ಪಂಡಿತರಿಗೆ ಜೂನ್‌ನಲ್ಲಿ ಇದನ್ನು ತೋರಿಸಬೇಕು. ಮೋಡ ಬಿಟ್ಟರೆ ತಾನೇ ತೋರಿಸೋದು! ಆಗಸ್ಟಿನ ಎರಡನೇ ಸರದಿಯಲ್ಲಿ ಸೂರ್ಯ ಅಷ್ಟೇ ನೇರವಾಗಿ ಮೇಲಿದ್ದರೂ ಏಪ್ರಿಲ್‌ನ ಧಗೆ ಇರುವುದಿಲ್ಲ. ಆಗ ಮಣ್ಣು ಒದ್ದೆ, ಆಕಾಶ ತುಂಬ ಮೋಡ.

ಹಾಗಾದರೆ ಸೈಬೀರಿಯಾಕ್ಕೆ ಅಷ್ಟು ಬಿಸಿ ಎಲ್ಲಿಂದ ಬಂತು? ನನಗೆ ತುಂಬ ಇಷ್ಟವಾದ ಲೆಕ್ಕ ಇಲ್ಲಿದೆ, ಸ್ವಲ್ಪ ತಾಳ್ಮೆ ಇರಲಿ. ಒಂದು ಜಾಗಕ್ಕೆ ದಿನವೊಂದಕ್ಕೆ ಎಷ್ಟು ಬಿಸಿಲು ಸಿಗುತ್ತದೆ ಅನ್ನುವುದು ಎರಡು ವಿಷಯಗಳ ಮೇಲೆ ನಿಂತಿದೆ. ಸೂರ್ಯ ಎಷ್ಟು ಎತ್ತರಕ್ಕೆ ಏರುತ್ತಾನೆ, ಎಷ್ಟು ಹೊತ್ತು ಇರುತ್ತಾನೆ. ನಾವು ಮೊದಲನೆಯದನ್ನು ಮಾತ್ರ ನೆನಪಿಟ್ಟುಕೊಂಡು ಎರಡನೆಯದನ್ನು ಮರೆತುಬಿಡುತ್ತೇವೆ. ಸಿಂಗಪುರದಲ್ಲಿ ವರ್ಷವಿಡೀ ಹಗಲು ಹನ್ನೆರಡು ಗಂಟೆಗೆ ಐದು-ಹತ್ತು ನಿಮಿಷ ಜಾಸ್ತಿ, ಅಷ್ಟೇ. ಬೆಂಗಳೂರಿನಲ್ಲಿ ಜೂನ್ 21ರ ಹಗಲು ಹದಿಮೂರು ಗಂಟೆಗೆ ಸ್ವಲ್ಪ ಕಡಿಮೆ. ಲಂಡನ್ನಿನಲ್ಲಿ ಹದಿನಾರೂವರೆ ಗಂಟೆ ದಾಟುತ್ತದೆ. ವೆರ್ಖೊಯಾನ್ಸ್ಕ್‌ನಲ್ಲಿ ಆ ದಿನ ಸೂರ್ಯ ಮುಳುಗುವುದೇ ಇಲ್ಲ. ಮಧ್ಯಾಹ್ನ 46 ಡಿಗ್ರಿ ಎತ್ತರಕ್ಕೆ ಹೋಗಿ, ನಡುರಾತ್ರಿ ದಿಗಂತವನ್ನು ಸವರಿಕೊಂಡು ಮತ್ತೆ ಮೇಲೇಳುತ್ತಾನೆ. ಅಂದರೆ ಹಗಲು ಕಾದ ನೆಲ ತಣ್ಣಗಾಗಲು ಸರಿಯಾದ ರಾತ್ರಿಯೇ ಇಲ್ಲ.

ಎರಡನ್ನೂ ಸೇರಿಸಿ ಲೆಕ್ಕ ಹಾಕಿದರೆ ನಂಬಲಾಗದ ಉತ್ತರ ಬರುತ್ತದೆ. ಜೂನ್ 21ರಂದು ವಾತಾವರಣದ ಮೇಲ್ತುದಿಗೆ ಇಪ್ಪತ್ತನಾಲ್ಕು ಗಂಟೆಯಲ್ಲಿ ಬಂದು ಬೀಳುವ ಬಿಸಿಲು ಭೂಮಿಯಲ್ಲೆಲ್ಲ ಅತಿ ಹೆಚ್ಚು ಇರುವುದು ಉತ್ತರ ಧ್ರುವದಲ್ಲಿ. ಭೂಮಧ್ಯರೇಖೆಗಿಂತ ಮೂರನೇ ಒಂದು ಭಾಗಕ್ಕೂ ಜಾಸ್ತಿ. ಬೆಂಗಳೂರಿಗಿಂತಲೂ ಜಾಸ್ತಿ.

ಹಾಗಿದ್ದೂ ಧ್ರುವ ಕಾಯುವುದಿಲ್ಲ. ಬಿಳಿ ಹಿಮ ಬಂದ ಬಿಸಿಲಿನ ಬಹುಪಾಲನ್ನು ವಾಪಸ್ ಕಳಿಸುತ್ತದೆ, ಉಳಿದದ್ದು ಹಿಮ ಕರಗಿಸುವುದಕ್ಕೇ ಖರ್ಚು. ಸೂರ್ಯನೂ ಓರೆಯಾಗಿರುವುದರಿಂದ ಬೆಳಕು ಹೆಚ್ಚು ಗಾಳಿ ದಾಟಿ ಬರಬೇಕು. ಸೈಬೀರಿಯಾದ ಒಳನಾಡಿನಲ್ಲಿ ಜೂನ್ ಹೊತ್ತಿಗೆ ಹಿಮ ಹೋಗಿರುತ್ತದೆ, ಸಮುದ್ರ ದೂರ. ಮೇಲಿನ ಗಾಳಿ ದಿನಗಟ್ಟಲೆ ಒಂದೇ ಕಡೆ ಕೂತು ಕೆಳಕ್ಕೆ ಒತ್ತುತ್ತಿದ್ದರೆ ಮೋಡವೂ ಕಟ್ಟುವುದಿಲ್ಲ. 2020ರಲ್ಲಿ ಆದದ್ದು ಇದೇ, ಜೊತೆಗೆ ಭೂಮಿಯೇ ಬಿಸಿಯಾಗುತ್ತಿರುವುದು ಮೇಲಿನ ಒಗ್ಗರಣೆ.

ಭೂಮಧ್ಯರೇಖೆಯ ಕಥೆ ಇದಕ್ಕೆ ಉಲ್ಟಾ. ಅಲ್ಲಿ ಬಿಸಿಲಿಗೆ ಬರವಿಲ್ಲ, ನೀರಿಗೂ ಬರವಿಲ್ಲ. ಒಲೆಯ ಮೇಲೆ ನೀರಿರುವ ಪಾತ್ರೆಯನ್ನು ಎಷ್ಟು ಹೊತ್ತು ಇಟ್ಟರೂ ಅದು ನೂರು ಡಿಗ್ರಿಯ ಹತ್ತಿರವೇ ಇರುತ್ತದೆ, ನೀರು ಆರಿದ ಮರುಕ್ಷಣ ತಳ ಸೀಯಲು ಶುರು. ಸಿಂಗಪುರದ ಸುತ್ತಲ ಸಮುದ್ರ, ಅದರಾಚೆಯ ಕಾಡು, ಒದ್ದೆ ಮಣ್ಣು ಎಲ್ಲ ನೀರು ಆರದ ಪಾತ್ರೆಗಳು. ಒಂದು ಗ್ರಾಂ ನೀರು ಆವಿಯಾಗಲು 540 ಕ್ಯಾಲೊರಿಗೂ ಹೆಚ್ಚು ಶಾಖ ಬೇಕು. ಬಂದ ಬಿಸಿಲೆಲ್ಲ ಅಲ್ಲಿಗೆ ಹೋಗುತ್ತದೆ, ಥರ್ಮಾಮೀಟರಿಗೆ ಸಿಗುವುದು ಸ್ವಲ್ಪ. ಆ ಆವಿ ಮೇಲೇರಿ ಮಧ್ಯಾಹ್ನಕ್ಕೆ ಮೋಡವಾಗುತ್ತದೆ, ಮೋಡ ಬಿಸಿಲನ್ನು ತಡೆಯುತ್ತದೆ, ಸಂಜೆ ಮಳೆ ಬಂದು ಮತ್ತೆ ನೆಲ ಒದ್ದೆ.

ಹೀಗೆ ಮಳೆ ಸುರಿಸಿ ಒಣಗಿದ ಗಾಳಿ ಎತ್ತರದಲ್ಲಿ ಉತ್ತರಕ್ಕೂ ದಕ್ಷಿಣಕ್ಕೂ ಹರಡಿಕೊಂಡು 30 ಡಿಗ್ರಿ ಅಕ್ಷಾಂಶದ ಆಸುಪಾಸಿನಲ್ಲಿ ಕೆಳಗಿಳಿಯುತ್ತದೆ. ಇಳಿಯುವಾಗ ಒತ್ತಡಕ್ಕೆ ಸಿಕ್ಕಿ ಬಿಸಿಯಾಗುತ್ತದೆ. ಸಹಾರಾ, ಅರೇಬಿಯಾ, ಆಸ್ಟ್ರೇಲಿಯಾದ ಮರುಭೂಮಿಗಳು ಸುಮ್ನೆ ಒಂದೇ ಪಟ್ಟಿಯಲ್ಲಿ ಸಾಲಾಗಿ ಕೂತಿಲ್ಲ. ಗಾಳಿಯ ಈ ಸುತ್ತಾಟಕ್ಕೆ ಈಗ ಜಾರ್ಜ್ ಹ್ಯಾಡ್ಲಿಯ ಹೆಸರಿದೆ. ಈತ ಓದಿದ್ದು ಕಾನೂನು, ಹವಾಮಾನದ ಹುಚ್ಚು ಬೇರೆ. 1735ರಲ್ಲಿ ಪುಟ್ಟದೊಂದು ಪ್ರಬಂಧ ಬರೆದು, ಭೂಮಧ್ಯರೇಖೆಯತ್ತ ಬೀಸುವ ವ್ಯಾಪಾರಿ ಮಾರುತಗಳು (ಟ್ರೇಡ್ ವಿಂಡ್ಸ್) ಓರೆಯಾಗಿ ಬೀಸುವುದಕ್ಕೆ ಭೂಮಿ ತಿರುಗುವುದೂ ಕಾರಣ ಅಂದ. ವಿವರದಲ್ಲಿ ತಪ್ಪುಗಳಿದ್ದವು, ಆದರೆ ದಾರಿ ಸರಿಯಿತ್ತು.

ಭೂಮಧ್ಯರೇಖೆ ಎಂದರೆ ಬೆಂಕಿ ಅನ್ನುವ ಭಯ ಬಹಳ ಹಳೆಯದು. ಆ ಪಟ್ಟಿಯಲ್ಲಿ ಮನುಷ್ಯರು ಬದುಕಲಾಗದು ಎಂದು ಅರಿಸ್ಟಾಟಲ್ ಹೇಳಿದ್ದ. ಯುರೋಪಿನ ಪಂಡಿತರು ಅದನ್ನು ಸಾವಿರದೈನೂರು ವರ್ಷಕ್ಕೂ ಹೆಚ್ಚು ಕಾಲ ನೆಚ್ಚಿಕೊಂಡರು. 16ನೇ ಶತಮಾನದಲ್ಲಿ ಪೆರುವಿಗೆ ಹೊರಟ ಸ್ಪೇನಿನ ಪಾದ್ರಿ ಹೊಸೆ ದೆ ಅಕೋಸ್ತಾ ಕೂಡ ಅದೇ ಹೆದರಿಕೆಯಲ್ಲಿ ಹಡಗು ಹತ್ತಿದವನು. ಭೂಮಧ್ಯರೇಖೆ ದಾಟಿದ್ದು ಮಾರ್ಚ್ ತಿಂಗಳು, ಸೂರ್ಯ ಸರಿಯಾಗಿ ಮೇಲೆ. ಆದರೆ ಚಳಿಯಾಗಿ ಮೈ ಕಾಯಿಸಿಕೊಳ್ಳಲು ಬಿಸಿಲಿಗೆ ಹೋಗಿ ನಿಂತನಂತೆ, ಅರಿಸ್ಟಾಟಲನನ್ನು ನೆನೆದು ನಕ್ಕನಂತೆ. 1590ರಲ್ಲಿ ಅಚ್ಚಾದ ತನ್ನ ಪುಸ್ತಕದಲ್ಲಿ ಅವನೇ ಇದನ್ನು ಬರೆದಿದ್ದಾನೆ. ಅನುಭವಕ್ಕೆ ಬಂದದ್ದನ್ನು ಗ್ರಂಥದಲ್ಲಿದ್ದದ್ದಕ್ಕಿಂತ ಮೇಲಿಟ್ಟ ಈ ಪಾದ್ರಿಯ ಮೇಲೆ ನನಗೆ ವಿಶೇಷ ಪ್ರೀತಿ.

ನಮ್ಮ ಕಾಲದ ಗ್ರಂಥ ವಾಟ್ಸಾಪ್. ಅಲ್ಲಿ ಆಗಾಗ ಒಂದು ಸಂದೇಶ ಎದ್ದು ಬರುತ್ತದೆ. ಭೂಮಿ ಸೂರ್ಯನಿಂದ ದೂರ ಹೋಗುತ್ತಿದೆ, ಇದಕ್ಕೆ ಅಫೀಲಿಯನ್ ಅನ್ನುತ್ತಾರೆ, ಆಗಸ್ಟ್ ತನಕ ಹಿಂದೆಂದೂ ಕಾಣದ ಚಳಿ, ಮೈಕೈ ನೋವು, ಕೆಮ್ಮು, ಬಿಸಿನೀರು ಕುಡಿಯಿರಿ ಅಂತ. ಹೆಸರು ನಿಜ, ಉಳಿದದ್ದು ಬುರುಡೆ. ಜನವರಿ ಮೊದಲ ವಾರದಲ್ಲಿ ಸೂರ್ಯ ನಮಗೆ 14.7 ಕೋಟಿ ಕಿಲೋಮೀಟರ್ ದೂರ, ಜುಲೈ ಮೊದಲ ವಾರದಲ್ಲಿ 15.2 ಕೋಟಿ. ವ್ಯತ್ಯಾಸ ನೂರಕ್ಕೆ ಮೂರೂವರೆ. ಪ್ರತಿ ವರ್ಷವೂ ಹೀಗೇ ಆಗುತ್ತದೆ. ತಮಾಷೆ ಅಂದರೆ ಸೂರ್ಯನಿಂದ ಅತಿ ದೂರ ಇರುವ ಜುಲೈನಲ್ಲೇ ಇಡೀ ಭೂಮಿಯ ಸರಾಸರಿ ಉಷ್ಣಾಂಶ ಜನವರಿಗಿಂತ ಮೂರ್ನಾಲ್ಕು ಡಿಗ್ರಿ ಜಾಸ್ತಿ. ಉತ್ತರಾರ್ಧದಲ್ಲಿ ನೆಲ ಹೆಚ್ಚು, ನೆಲ ಬೇಗ ಕಾಯುತ್ತದೆ. ದಕ್ಷಿಣಾರ್ಧದಲ್ಲಿ ಬಹುಪಾಲು ಸಮುದ್ರ. ಬೆಂಗಳೂರಿನ ಜುಲೈ ತಂಪಾಗಿರುವುದು ಮುಂಗಾರು ಮೋಡದಿಂದ. ದಿಲ್ಲಿಯ ನಿಮ್ಮ ಸ್ನೇಹಿತರಿಗೆ ಆ ಚಳಿಯ ಸಂದೇಶ ಕಳಿಸಿ ನೋಡಿ, ಏನನ್ನುತ್ತಾರೆ ಅಂತ.

ಬೇಸಿಗೆಯಲ್ಲಿ ಒಂದು ಜಾಗ ಎಷ್ಟು ಬಿಸಿಯಾಗುತ್ತದೆ ಅನ್ನುವುದನ್ನು ಅಕ್ಷಾಂಶ ಅಷ್ಟು ಚೆನ್ನಾಗಿ ಹೇಳುವುದಿಲ್ಲ. ವರ್ಷದಲ್ಲಿ ಎಷ್ಟು ಏರಿಳಿತ ಅನ್ನುವುದನ್ನು ಹೆಚ್ಚು ಚೆನ್ನಾಗಿ ಹೇಳುತ್ತದೆ. ಸಿಂಗಪುರದ ಅತಿ ತಂಪು ತಿಂಗಳಿಗೂ ಅತಿ ಬಿಸಿ ತಿಂಗಳಿಗೂ ಸರಾಸರಿಯಲ್ಲಿ ಸುಮಾರು ಎರಡು ಡಿಗ್ರಿ ವ್ಯತ್ಯಾಸ, ಅದಕ್ಕಿಂತ ಒಂದೇ ದಿನದ ಹಗಲು-ರಾತ್ರಿಯ ವ್ಯತ್ಯಾಸವೇ ಹೆಚ್ಚು. ವೆರ್ಖೊಯಾನ್ಸ್ಕ್‌ನಲ್ಲಿ 1892ರ ಫೆಬ್ರವರಿಯಲ್ಲಿ ಸೊನ್ನೆಗಿಂತ ಕೆಳಗೆ 67.8 ಡಿಗ್ರಿ ದಾಖಲಾಗಿತ್ತು. ಒಂದೇ ಊರಿನಲ್ಲಿ ನೂರೈದು ಡಿಗ್ರಿಗೂ ಮಿಕ್ಕಿದ ಅಂತರ!

ಇಷ್ಟೆಲ್ಲ ಹೇಳಿದ ಮೇಲೂ ಸಿಂಗಪುರದಿಂದ ಬಂದವರು ಬೆವರಿನ ಕಥೆಯನ್ನೇ ಹೇಳುತ್ತಾರೆ, ಅವರೂ ಸರಿಯೇ. ರಾಯಚೂರಿನ 42ರಲ್ಲಿ ಬೆವರು ಬಂದದ್ದೇ ಗೊತ್ತಾಗುವುದಿಲ್ಲ, ಬಂದ ತಕ್ಷಣ ಆರುತ್ತದೆ, ಆರುವಾಗ ಮೈಯಿಂದ ಶಾಖ ಎಳೆದುಕೊಂಡು ಹೋಗುತ್ತದೆ. ಮಂಗಳೂರಿನ 34ರಲ್ಲಿ ಬೆನ್ನಿಗೆ ಅಂಟಿದ ಶರ್ಟು ಸಂಜೆಯಾದರೂ ಬಿಡುವುದಿಲ್ಲ, ಯಾಕಂದರೆ ಗಾಳಿಯಲ್ಲಿ ಇನ್ನಷ್ಟು ಆವಿಗೆ ಜಾಗವೇ ಕಡಿಮೆ. ಹಾಗಾಗಿ ಮೊಬೈಲಿನಲ್ಲಿ ಹವಾಮಾನ ನೋಡುವಾಗ ದೊಡ್ಡ ಅಕ್ಷರದ ಡಿಗ್ರಿಯ ಕೆಳಗೆ ಡ್ಯೂ ಪಾಯಿಂಟ್ ಅಂತ ಸಣ್ಣದಾಗಿ ಬರೆದಿರುತ್ತದಲ್ಲ, ಅದನ್ನೂ ನೋಡಿ. ಗಾಳಿಯಲ್ಲಿ ಆವಿ ಎಷ್ಟಿದೆ ಅನ್ನುವುದನ್ನು ಹೇಳುವ ಅಂಕಿ ಅದು. ಅದು 24 ದಾಟಿದ್ದರೆ ಫ್ಯಾನ್ ಜೋರು ಮಾಡಿಕೊಳ್ಳಿ, ಊರು ಯಾವ ಅಕ್ಷಾಂಶದಲ್ಲಾದರೂ ಇರಲಿ.