ಹಳೆಯ ಟೋಪೋಶೀಟಿನಲ್ಲಿ ಕಾಣುವ ಊರು

ಹಳ್ಳಿಗಳ ಸಾಮಾಜಿಕ ಚರಿತ್ರೆಯನ್ನು ಅರಸುವವರು ಶಾಸನಗಳನ್ನೂ ಕಂದಾಯ ಕಡತಗಳನ್ನೂ ನೋಡುತ್ತಾರೆ. ಭಾರತೀಯ ಸರ್ವೇಕ್ಷಣಾ ಇಲಾಖೆಯ ಹಳೆಯ ಟೋಪೋಶೀಟುಗಳನ್ನು, ಅಂದರೆ ನೆಲದ ಏರಿಳಿತ, ನೀರು, ದಾರಿ, ಊರುಗಳನ್ನು ತೋರಿಸುವ ನಕಾಶೆಗಳನ್ನು, ಬಿಡಿಸಿ ನೋಡುವವರು ಕಡಿಮೆ. ಒಂದು ಮೈಲಿಯನ್ನು ಒಂದಂಗುಲಕ್ಕೆ ಇಳಿಸಿ, ಅಂದರೆ 1:63,360 ಪ್ರಮಾಣದಲ್ಲಿ ಬರೆದ ಈ ಹಾಳೆಗಳಲ್ಲಿ ಬಾವಿ, ಗುಡಿ, ಈದ್ಗಾ, ಗಾಡಿದಾರಿ, ಕಾಲುದಾರಿಗಳಿಗೆಲ್ಲ ಬೇರೆಬೇರೆ ಗುರುತುಗಳಿವೆ. ಓದಲು ತೊಡಗುವ ಮೊದಲು ಅಂಚಿನಲ್ಲಿ ಸರ್ವೆ ನಡೆದ ವರ್ಷವನ್ನು ನೋಡಿಕೊಳ್ಳಬೇಕು. ಮುದ್ರಣದ ವರ್ಷ ಅದಕ್ಕಿಂತ ಬಹಳ ಈಚಿನದಾಗಿರುವುದುಂಟು.

ಹಳೆ ಮೈಸೂರಿನ ಕೆರೆಸೀಮೆಯ ಹಾಳೆ ಕೈಗೆ ಬಂದರೆ ನಾನು ಮೊದಲು ಹಿಡಿಯುವುದು ಕಾಲುದಾರಿಗಳನ್ನು. ದೊಡ್ಡ ರಸ್ತೆಯೇ ಮುಟ್ಟದ ಊರೊಂದಕ್ಕೆ ಸುತ್ತಲ ಆರೇಳು ಹಳ್ಳಿಗಳಿಂದ ದಾರಿಗಳು ಬಂದು ಕೂಡಿದ್ದರೆ, ಅಲ್ಲಿ ಸಂತೆಯೋ ಜಾತ್ರೆ ನಡೆಯುವ ಗುಡಿಯೋ ಇದ್ದಿರಬೇಕೆಂದು ಹುಡುಕುತ್ತೇನೆ. ಕೆಲವು ಹಾಳೆಗಳಲ್ಲಿ ಊರಿನ ಹೆಸರಿನ ಬಳಿ ಸಂತೆಯ ವಾರವನ್ನೇ ನಮೂದಿಸಿರುತ್ತಾರೆ. ಅಕ್ಕಪಕ್ಕದ ಸಂತೆಗಳ ವಾರಗಳನ್ನು ಒಂದೆಡೆ ಬರೆದುಕೊಂಡರೆ, ಬಳೆ, ಉಪ್ಪು, ಕಂಬಳಿ ಹೊತ್ತ ವ್ಯಾಪಾರಿಗಳು ಯಾವ ದಿನ ಯಾವ ಊರಿಗೆ ಹೋಗಬಹುದಿತ್ತು ಎಂಬುದು ತಿಳಿಯುತ್ತದೆ. ಹೆಣ್ಣು ಕೊಟ್ಟು ತರುವ ಸಂಬಂಧಗಳೂ ಅದೇ ಹಾದಿಯಲ್ಲಿ ಬೆಳೆದವೇ ಎಂದು ವಿಚಾರಿಸಲು ಒಂದು ಆಧಾರ ಸಿಗುತ್ತದೆ.

ಕೆರೆಗಳು ಇನ್ನೂ ಹೆಚ್ಚನ್ನು ಹೇಳುತ್ತವೆ. ಏರಿಯ ಪಕ್ಕದಲ್ಲಿ ಬರೆದ ಸಣ್ಣ ಅಂಕೆ ನೆಲದಿಂದ ಅದರ ಎತ್ತರವನ್ನು ತಿಳಿಸುತ್ತದೆ. ಮೇಲಿನ ಕೆರೆ ಕೋಡಿ ಬಿದ್ದ ನೀರು ಯಾವ ಹಳ್ಳದ ಮೂಲಕ ಕೆಳಗಿನ ಕೆರೆಗೆ ಇಳಿಯುತ್ತದೆ ಎಂಬುದನ್ನು ಗೆರೆಯಲ್ಲಿ ಹಿಂಬಾಲಿಸಿದಾಗ, ಯಾವ ಊರಿನ ಗದ್ದೆ ಯಾವ ಊರಿನ ಏರಿಯ ದುರಸ್ತಿಯನ್ನು ನೆಚ್ಚಿಕೊಂಡಿತ್ತು ಎಂಬುದು ಗೊತ್ತಾಗುತ್ತದೆ. ತೂಬು ಎತ್ತಿ ನೀರು ಹಂಚುತ್ತಿದ್ದ ನೀರಗಂಟಿಯಾಗಲಿ, ನೀರಿನ ಸರದಿಯ ಜಗಳವಾಗಲಿ ನಕಾಶೆಯಲ್ಲಿಲ್ಲ. ಅದನ್ನು ಊರಲ್ಲೇ ಕೇಳಬೇಕು.

ಊರಿನಿಂದ ತುಸು ದೂರ ಬಿಟ್ಟು ನಿಂತ ಸಣ್ಣ ಮನೆಗುಂಪುಗಳ ಮುಂದೆ ನಾನು ಹೆಚ್ಚು ಹೊತ್ತು ನಿಲ್ಲುತ್ತೇನೆ. ಅಲ್ಲಿ ಜಾತಿಯ ಹೆಸರು ಬರೆದಿರುವುದಿಲ್ಲ. ಆದರೆ ಆ ಕೇರಿಯ ಬಳಿ ಪ್ರತ್ಯೇಕ ಬಾವಿಯೊಂದು ಕಂಡರೆ, ನಡುವಿನ ಖಾಲಿ ಜಾಗ ಅಸ್ಪೃಶ್ಯತೆಯ ಗುರುತಾಗಿರಬಹುದೆಂಬ ಪ್ರಶ್ನೆ ಏಳಲೇಬೇಕು, ಮತ್ತು ಅದನ್ನು ಕೇರಿಯವರ ಬಾಯಿಂದಲೇ ಕೇಳಿ ತಿಳಿಯಬೇಕು.

ಗುಂಡುತೋಪು ಅಥವಾ ದಾರಿ ಒತ್ತುವರಿಯಾಗಿದೆ ಎಂದು ಅನುಮಾನಿಸುವವರು ಟೋಪೋಶೀಟನ್ನು ಗಡಿಯ ದಾಖಲೆಯೆಂದು ಮುಂದಿಡಬಾರದು. ಅದು ಸರ್ವೆ ನಂಬರುಗಳ ಎಲ್ಲೆಯನ್ನು ತೋರಿಸುವುದಿಲ್ಲ. ಅಂಥ ಕೆಲಸಕ್ಕೆ ಭೂಮಾಪನ ಇಲಾಖೆಯ ಗ್ರಾಮ ನಕಾಶೆಯನ್ನು ಪಡೆದು, ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಬೇಕು.