ಮೈಸೂರು ಚಿತ್ರಕ್ಕೆ ಚಿನ್ನದ ಫ್ರೇಮ್ ಯಾಕೆ ಬೇಡ

ಫ್ರೇಮ್ ಹಾಕಿಸಲು ನನ್ನ ಬಳಿ ಮೈಸೂರು ಶೈಲಿಯ ಚಿತ್ರ ತಂದವರು ಸಾಮಾನ್ಯವಾಗಿ ಹೇಳುವ ಮಾತು ಒಂದೇ: ‘ಅಗಲವಾದ ಚಿನ್ನದ ಬಣ್ಣದ ಫ್ರೇಮ್ ಹಾಕಿ, ರಿಚ್ ಆಗಿ ಕಾಣಬೇಕು.’ ನಾನು ಅವರಿಗೆ ಚಿತ್ರವನ್ನು ಕಿಟಕಿಯ ಹತ್ತಿರ ಸ್ವಲ್ಪ ಓರೆಯಾಗಿ ಹಿಡಿದು ನೋಡಲು ಹೇಳುತ್ತೇನೆ. ಪಕ್ಕದಿಂದ ಬೆಳಕು ಬಿದ್ದಾಗ ದೇವಿಯ ಕಿರೀಟ, ಸೀರೆಯ ಅಂಚು, ಕಂಬದ ಮೇಲಿನ ಬಳ್ಳಿ ಮೆಲ್ಲಗೆ ಎದ್ದು ಕಾಣುತ್ತವೆ. ಅದು ಗೆಸ್ಸೋ ಕೆಲಸ. ಸಫೇದ ಎಂಬ ಬಿಳಿ ಪುಡಿಯನ್ನು ಅಂಟಿನಲ್ಲಿ ಕಲಸಿ, ಸಣ್ಣ ಕುಂಚದಿಂದ ಗೆರೆಗಳನ್ನು ತುಸುವೇ ಎತ್ತರಿಸಿ, ಮೇಲೆ ಚಿನ್ನದ ರೇಕು, ಅಂದರೆ ತೆಳು ಹಾಳೆ ಕೂರಿಸಿರುತ್ತಾರೆ. ಮುಮ್ಮಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಬೆಳೆದ ಈ ಶೈಲಿಯ ಹೆಚ್ಚುಗಾರಿಕೆಯೇ ಆ ತೆಳು ಕೆಲಸ.

ಇದರ ಸುತ್ತ ಮೂರು ಇಂಚಿನ ಹೊಳೆಯುವ ಫ್ರೇಮ್ ಹಾಕಿದರೆ ಏನಾಗುತ್ತದೆ? ಕಣ್ಣು ಮೊದಲು ಫ್ರೇಮಿಗೆ ಹೋಗುತ್ತದೆ. ಚಿತ್ರದೊಳಗಿನ ನಿಜವಾದ ಚಿನ್ನ ಮಂಕಾಗುತ್ತದೆ. ತಂಜಾವೂರು ಚಿತ್ರದ ವಿಷಯ ಬೇರೆ. ಹಲಗೆಯ ಮೇಲೆ ಬಟ್ಟೆ ಅಂಟಿಸಿ ಬರೆದದ್ದು, ದಪ್ಪ ಉಬ್ಬು, ಮೇಲೆ ಗಾಜಿನ ಕಲ್ಲು. ಅದು ಅಗಲವಾದ ಫ್ರೇಮನ್ನು ತಡೆದುಕೊಳ್ಳುತ್ತದೆ. ಎರಡನ್ನೂ ಒಂದೇ ಎಂದುಕೊಂಡು ಒಂದೇ ಫ್ರೇಮ್ ಹಾಕುವುದನ್ನು ನೋಡಿದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಮೈಸೂರು ಚಿತ್ರಕ್ಕೆ ನಾನು ಬೀಟೆ ಅಥವಾ ಗಾಢ ಬಣ್ಣದ ತೇಗ ಹೇಳುತ್ತೇನೆ. ಒಂದೂವರೆ ಇಂಚು ಸಾಕು. ಪಾಲಿಶ್ ಹೊಳೆಯಬಾರದು. ಚಿನ್ನ ಬೇಕೇ ಬೇಕು ಅಂದರೆ ಒಳ ಅಂಚಿನಲ್ಲಿ ಕೂದಲೆಳೆಯಷ್ಟು ಗೆರೆ, ಅದೂ ಹಳೇ ಚಿನ್ನದ ಬಣ್ಣದ್ದು.

ಮೌಂಟ್, ಅಂದರೆ ಚಿತ್ರಕ್ಕೂ ಫ್ರೇಮಿಗೂ ನಡುವೆ ಸುತ್ತ ಬರುವ ಬೋರ್ಡಿನ ಅಂಚಿನ ವಿಷಯದಲ್ಲಿ ಜಾಸ್ತಿ ಯೋಚಿಸಬೇಕು. ಅಚ್ಚ ಬಿಳಿ ಮೌಂಟ್ ಹಾಕಿದರೆ ಹಳೆಯ ಕಾಗದ ಕೊಳೆಯಾದಂತೆ ಕಾಣುತ್ತದೆ. ನಾನು ಬಣ್ಣವನ್ನು ಚಿತ್ರದಿಂದಲೇ ಆರಿಸುತ್ತೇನೆ. ದೇವರ ಸೀರೆಯ ಬಣ್ಣ ಬೇಡ, ಅದು ಚಿತ್ರದಲ್ಲೇ ಬೇಕಾದಷ್ಟಿರುತ್ತದೆ. ಹಿಂದಿನ ಪರದೆಯ ಮಂಕು ಹಸಿರು, ಮಂಟಪದ ನೆರಳಿನ ಕಂದು, ಇಂಥವು ಚೆನ್ನಾಗಿ ಹೊಂದುತ್ತವೆ. ಸೋಫಾದ ಬಣ್ಣಕ್ಕೆ ಮೌಂಟ್ ಹೊಂದಿಸಬೇಡಿ, ಸೋಫಾ ನಾಳೆ ಬದಲಾಗುತ್ತದೆ. ಕೆಳಗಿನ ಅಂಚನ್ನು ಮೇಲಿನದಕ್ಕಿಂತ ಅರ್ಧ ಇಂಚು ಹೆಚ್ಚು ಬಿಡಿ. ಎರಡೂ ಸಮ ಇದ್ದರೆ ಚಿತ್ರ ಕೆಳಗೆ ಜಾರಿದಂತೆ ಕಾಣುತ್ತದೆ.

ಒಬ್ಬರು ಅಜ್ಜಿಯ ಹಳೇ ರೇಷ್ಮೆ ಸೀರೆ ತಂದು, ಅದರ ಜರಿ ಅಂಚನ್ನು ಮೌಂಟ್ ಮಾಡಿಕೊಡಿ ಎಂದರು. ಆಸೆ ಚೆನ್ನಾಗಿತ್ತು. ಆದರೆ ಜರಿಯೂ ಚಿನ್ನದ ರೇಕೂ ಅಕ್ಕಪಕ್ಕ ಬಂದರೆ ಒಂದಕ್ಕೊಂದು ಪೈಪೋಟಿ. ಸೀರೆಯ ಒಡಲಿನ ಕಂದುಗೆಂಪು ಭಾಗವನ್ನು ಬಳಸೋಣ ಎಂದೆ, ಒಪ್ಪಿದರು. ಗಂಜಿ ಪೂರ್ತಿ ಹೋಗುವಂತೆ ನೆನೆಸಿ ಒಣಗಿಸಿದ ಮೇಲೆ ಬೋರ್ಡಿಗೆ ಹೊದಿಸಿದೆ. ಗಂಜಿ ಉಳಿದರೆ ಹುಳು ಬರುತ್ತದೆ. ಈಗ ಆ ಮನೆಯಲ್ಲಿ ಚಿತ್ರವೂ ಇದೆ, ಅಜ್ಜಿಯ ಸೀರೆಯೂ ಇದೆ.

ಇದೇ ಲೆಕ್ಕ ಎಲ್ಲ ಚಿತ್ರಕ್ಕೂ ನಡೆಯುವುದಿಲ್ಲ. ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಯ ದೀವರ ಸಮುದಾಯದ ಹೆಣ್ಣುಮಕ್ಕಳು ಬರೆಯುವ ಹಸೆ ಚಿತ್ತಾರಕ್ಕೆ ಮೌಂಟೇ ಬೇಡ ಅನ್ನುತ್ತೇನೆ. ಅದು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿ ಹಿಟ್ಟಿನ ಬಿಳಿ ಗೆರೆಯಾಗಿ ಹುಟ್ಟಿದ್ದು. ಅಂಚಿನ ವಿನ್ಯಾಸ ಅದರೊಳಗೇ ಇದೆ. ಸುತ್ತ ಸಣ್ಣ ಮರದ ಪಟ್ಟಿ ಸಾಕು.

ಮತ್ತೆ ಮೈಸೂರು ಚಿತ್ರಕ್ಕೆ ಬರೋಣ. ಗಾಜು ಚಿತ್ರಕ್ಕೆ ತಾಗಲೇಬಾರದು. ಮಳೆಗಾಲದಲ್ಲಿ ಗಾಜಿನ ಒಳಗೆ ತೇವ ಕೂರುತ್ತದೆ, ಉಬ್ಬು ಕೆಲಸ ಗಾಜಿಗೆ ಅಂಟುತ್ತದೆ, ಬಿಚ್ಚುವಾಗ ರೇಕು ಎದ್ದು ಬರುತ್ತದೆ. ಮೌಂಟ್ ಬೋರ್ಡಿನ ದಪ್ಪ ಒಂದೇ ಇದಕ್ಕೆ ಸಾಲದು. ಒಳಗೆ ಸ್ಪೇಸರ್ ಪಟ್ಟಿ ಕೊಟ್ಟು ಕಾಲು ಇಂಚಾದರೂ ಜಾಗ ಬಿಡಿಸಿ. ಹೊಳಪು ತಡೆಯಲು ಮಂಜು ಮಾಡಿದ ಗಾಜನ್ನು ಇಲ್ಲಿ ಹಾಕಿಸಬೇಡಿ. ಇಷ್ಟು ದೂರ ಇದ್ದಾಗ ಅದು ಸಣ್ಣ ಗೆರೆಗಳನ್ನೆಲ್ಲ ಮಸುಕಾಗಿಸುತ್ತದೆ. ಸಾದಾ ಗಾಜು ಹಾಕಿಸಿ, ಬಿಸಿಲು ಬೀಳದ ಗೋಡೆ ಆರಿಸಿ.

ಹಿಂಭಾಗವನ್ನು ಯಾರೂ ಕೇಳುವುದಿಲ್ಲ, ಕೇಳಬೇಕು. ಚಿತ್ರವನ್ನು ಪ್ಲೈವುಡ್ಡಿಗೆ ಪೂರ್ತಿ ಅಂಟಿಸಲು ಬಿಡಬೇಡಿ. ಕಾಗದ ಮಳೆಗಾಲದಲ್ಲಿ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಅದಕ್ಕೆ ಜಾಗ ಬೇಕು, ಅಲ್ವಾ? ಮೇಲಂಚಿನಲ್ಲಿ ಮಾತ್ರ ಜಪಾನಿ ಕಾಗದದ ಎರಡು ಪಟ್ಟಿಗಳಿಂದ, ಗೋಧಿ ಪಿಷ್ಟದ ಅಂಟು ಹಾಕಿ ತೂಗುಬಿಡಬೇಕು. ಈ ಅಂಟು ನೀರಿನಲ್ಲಿ ಬಿಡುತ್ತದೆ, ಹಾಗಾಗಿ ಮುಂದೆ ಬೇಕಾದರೆ ತೆಗೆಯಬಹುದು. ಸೆಲ್ಲೋ ಟೇಪ್ ಹಳದಿಯಾಗಿ ಕಲೆ ಬಿಡುತ್ತದೆ. ಮೌಂಟೂ ಹಿಂದಿನ ಬೋರ್ಡೂ ಆಮ್ಲ ಇಲ್ಲದ್ದಾಗಿರಲಿ. ಹಳೇ ಫ್ರೇಮ್ ಬಿಚ್ಚಿದಾಗ ಚಿತ್ರದ ಸುತ್ತ ಕಾಣುವ ಕಂದು ಗೆರೆ ಅಗ್ಗದ ಬೋರ್ಡಿನ ಆಮ್ಲದ್ದು. ಒಮ್ಮೆ ಬಂದರೆ ಸುಲಭಕ್ಕೆ ಹೋಗುವುದಿಲ್ಲ.

ದುಡ್ಡು ಕಡಿಮೆ ಇದ್ದರೆ ಮರದಲ್ಲಿ ಉಳಿಸಿ. ಬೀಟೆ ಬದಲು ಸಾದಾ ಮರಕ್ಕೆ ಗಾಢ ಬಣ್ಣ ಕೊಡಿಸಬಹುದು, ಮುಂದೆ ಬದಲಾಯಿಸಲೂಬಹುದು. ಬೋರ್ಡಿನಲ್ಲಿ ಉಳಿಸಬೇಡಿ. ಕರಾವಳಿ, ಮಲೆನಾಡಿನ ಮನೆಯವರು ಫ್ರೇಮಿನ ಹಿಂದೆ ಕೆಳಗಿನ ಎರಡು ಮೂಲೆಗೆ ರಬ್ಬರ್ ಗುಂಡಿ ಹಾಕಿಸಿಕೊಳ್ಳಿ. ಗೋಡೆಗೂ ಫ್ರೇಮಿಗೂ ನಡುವೆ ಗಾಳಿ ಆಡುತ್ತದೆ, ಬೂಷ್ಟು ಹಿಡಿಯುವುದು ಕಡಿಮೆಯಾಗುತ್ತದೆ.