ಚೀಟಿ ಮೊದಲು, ಸದ್ದು ಆಮೇಲೆ

ದಿ ಪೊಲೀಸ್, ಟಾಕಿಂಗ್ ಹೆಡ್ಸ್, ಹ್ಯೂಮನ್ ಲೀಗ್. ಪಾಶ್ಚಾತ್ಯ ಪಾಪ್ ಕೇಳುವವರು ಈ ಮೂರೂ ತಂಡಗಳನ್ನು ‘ನ್ಯೂ ವೇವ್’ ಅಂತಲೇ ಕರೆಯುತ್ತಾರೆ. ಸರಿ, ಒಂದೊಂದು ಹಾಡು ಹಾಕಿ ಕೇಳಿ ನೋಡಿ. ಮೊದಲನೆಯವರ ಗಿಟಾರಿನಲ್ಲಿ ಜಮೈಕಾದ ರೆಗೆ ಇದೆ. ಎರಡನೆಯವರು ಅಮೆರಿಕದ ಕಪ್ಪುಜನರ ಕುಣಿತದ ಸಂಗೀತವಾದ ಫಂಕ್ ಹಿಡಿದು ಹೊರಟು ನೈಜೀರಿಯಾದ ಫೆಲಾ ಕುಟಿಯ ಲಯಗಳವರೆಗೆ ಹೋದವರು. ಮೂರನೆಯವರ 1981ರ ಆಲ್ಬಮ್‌ನಲ್ಲಿ ಬಹುತೇಕ ಸಿಂಥಸೈಜರ್ (ವಿದ್ಯುತ್ತಿನಿಂದ ಸ್ವರ ಹುಟ್ಟಿಸುವ ವಾದ್ಯ, ಚಿಕ್ಕದಾಗಿ ಸಿಂಥ್) ಮತ್ತು ಡ್ರಮ್ ಮಷೀನ್‌ಗಳದ್ದೇ ಕಾರುಬಾರು. ಒಂದಕ್ಕೊಂದು ಸಂಬಂಧವೇ ಇಲ್ಲ ಅನ್ನಿಸುತ್ತದೆ, ಅಲ್ವಾ?

ಈ ಹೆಸರು ಎಲ್ಲಿಂದ ಬಂತು ಅಂತ ತಿಳಿಯಲು ಮೊದಲು ವ್ಯಾಪಾರದ ಕಡೆ ನೋಡಬೇಕು. 1973ರ ಕೊನೆಯಲ್ಲಿ ಹಿಲಿ ಕ್ರಿಸ್ಟಲ್ ಎಂಬಾತ ನ್ಯೂಯಾರ್ಕಿನಲ್ಲಿ ಸಿಬಿಜಿಬಿ ಎಂಬ ಕ್ಲಬ್ ತೆರೆದ. ಆ ಅಕ್ಷರಗಳು ಕಂಟ್ರಿ, ಬ್ಲೂಗ್ರಾಸ್, ಬ್ಲೂಸ್ ಎಂಬ ಮೂರು ಪ್ರಕಾರಗಳಿಂದ ಬಂದವು. ಅಲ್ಲಿ ಹೆಸರು ಮಾಡಿದ್ದು ಮಾತ್ರ ಪಂಕ್ ಎಂಬ ಒರಟು, ವೇಗದ ರಾಕ್ ಸಂಗೀತ! ರಮೋನ್ಸ್, ಬ್ಲಾಂಡಿ, ಟಾಕಿಂಗ್ ಹೆಡ್ಸ್ ಎಲ್ಲ ಅಲ್ಲಿಯೇ ನುಡಿಸುತ್ತಿದ್ದರು. ಸೈರ್ ರೆಕಾರ್ಡ್ಸ್ ಕಂಪನಿಯ ಸೀಮೋರ್ ಸ್ಟೈನ್ ಇವರಲ್ಲಿ ಕೆಲವರ ಜೊತೆ ಒಪ್ಪಂದ ಮಾಡಿಕೊಂಡ. ಆದರೆ ಪಂಕ್ ಅಂದರೆ ಸಾಕು, ಅಮೆರಿಕದ ರೇಡಿಯೋದವರು ದೂರ ಸರಿಯುತ್ತಿದ್ದರು. ಹಾಗಾಗಿ 1977ರಲ್ಲಿ ಕಂಪನಿ ಬೇರೆ ಚೀಟಿ ಅಂಟಿಸಿತು: ಇದನ್ನು ಪಂಕ್ ಅನ್ನಬೇಡಿ, ನ್ಯೂ ವೇವ್ ಅನ್ನಿ. ಹೆಸರು ಫ್ರೆಂಚ್ ಸಿನಿಮಾದಿಂದ ತಂದ ಸಾಲ. ನಮ್ಮ ಎಪ್ಪತ್ತರ ದಶಕದ ಹೊಸ ಅಲೆಯ ಚಿತ್ರಗಳಿಗೆ ಹೆಸರು ಬಂದದ್ದೂ ಅಲ್ಲಿಂದಲೇ.

ಅಂದರೆ ಇದು ಮಾಲು ಮಾರಲು ಕಟ್ಟಿದ ಹೆಸರು. ಹಾಗಂತ ಸುಮ್ನೆ ತಳ್ಳಿಹಾಕುವ ಹಾಗೂ ಇಲ್ಲ. ಯಾಕಂದರೆ ಹಳೆಯ ರೇಡಿಯೋ ಕೇಳುಗರು ಕೆಲವು ಹಾಡುಗಳ ಮೊದಲ ಸದ್ದಿಗೇ ‘ಇದು ನ್ಯೂ ವೇವ್’ ಎಂದು ಹೇಳಿಬಿಡುತ್ತಾರೆ.

ನಮ್ಮ ಕಿವಿ ಈ ಕೆಲಸದಲ್ಲಿ ಎಷ್ಟು ಚುರುಕು ಎಂಬುದನ್ನು ಅಮೆರಿಕದ ರಾಬರ್ಟ್ ಗೆರ್ಡಿಂಗನ್ ಮತ್ತು ಡೇವಿಡ್ ಪೆರಟ್ ಪರೀಕ್ಷಿಸಿದ್ದರು. ಹಾಡಿನ ಕಾಲು ಸೆಕೆಂಡ್ ತುಣುಕು ಕೇಳಿಸಿ, ಹತ್ತು ಪ್ರಕಾರಗಳಲ್ಲಿ ಇದು ಯಾವುದು ಎಂದು ವಿದ್ಯಾರ್ಥಿಗಳನ್ನು ಕೇಳಿದರು. ಮೂರು ಸೆಕೆಂಡ್ ಕೇಳಿದಾಗ ತಾವೇ ಕೊಟ್ಟಿದ್ದ ಉತ್ತರವನ್ನು ಅವರು ಹತ್ತರಲ್ಲಿ ನಾಲ್ಕಕ್ಕೂ ಹೆಚ್ಚು ಸಲ ಮತ್ತೆ ಕೊಟ್ಟರು. ಕಣ್ಣುಮುಚ್ಚಿ ಊಹಿಸಿದ್ದರೆ ಹತ್ತಕ್ಕೆ ಒಂದು ಸಿಗುತ್ತಿತ್ತು, ಅಷ್ಟೇ. ಕಾಲು ಸೆಕೆಂಡಿನಲ್ಲಿ ರಾಗವಿಲ್ಲ, ಸಾಹಿತ್ಯವಿಲ್ಲ, ತಾಳವೂ ಇಲ್ಲ. ಇರುವುದು ನಾದದ ಬಣ್ಣ ಮಾತ್ರ. ಹಾಗಾದರೆ ನ್ಯೂ ವೇವ್‌ನ ಬಣ್ಣ ಯಾವುದು?

1978ರಲ್ಲಿ ಗ್ಯಾರಿ ನ್ಯೂಮನ್ ಎಂಬ ಇಂಗ್ಲಿಷ್ ಹುಡುಗ ಪಂಕ್ ಆಲ್ಬಮ್ ಮಾಡಲು ಸ್ಟುಡಿಯೋಗೆ ಹೋದ. ಅಲ್ಲಿ ಯಾರೋ ಬಿಟ್ಟಿದ್ದ ಒಂದು ಮಿನಿಮೂಗ್ ಸಿಂಥಸೈಜರ್ ಇತ್ತು. ಒಂದು ಕೀ ಒತ್ತಿದ, ಅಲ್ಲಿಗೆ ಅವನ ದಾರಿಯೇ ಬದಲಾಯಿತು. ಮರುವರ್ಷ ಅವನ ಹಾಡು ಬ್ರಿಟನ್ನಿನಲ್ಲಿ ಒಂದನೇ ಸ್ಥಾನದಲ್ಲಿತ್ತು. ಅದೇ ವರ್ಷ ಗಿಟಾರೇ ಇಲ್ಲದ ಒಂದು ಇಡೀ ಆಲ್ಬಮ್ ತಂದ.

ಆ ಪೆಟ್ಟಿಗೆಯೊಳಗೆ ಸ್ವರ ಹುಟ್ಟಿಸುವ ಮೂರು ಸರ್ಕ್ಯೂಟ್‌ಗಳಿವೆ. ಅವು ಗರಗಸದ ಹಲ್ಲಿನಂಥ ಅಲೆ ಹೊರಡಿಸಿದರೆ ಅದರಲ್ಲಿ ಮೂಲ ಸ್ವರದ ಜೊತೆ ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಕಂಪನಗಳೂ ಇರುತ್ತವೆ. ಒರಟು ಸದ್ದು. ಮುಂದಿನ ಫಿಲ್ಟರ್ ಮೇಲಿನ ಕಂಪನಗಳನ್ನು ಬೇಕಾದಷ್ಟು ಕತ್ತರಿಸುತ್ತದೆ. ಇನ್ನು ದಪ್ಪ ಬರುವುದು ಶ್ರುತಿ ಚೂರು ತಪ್ಪಿಸುವುದರಿಂದ. ಒಂದು ಸರ್ಕ್ಯೂಟನ್ನು ಸೆಕೆಂಡಿಗೆ 100 ಕಂಪನಕ್ಕೆ, ಇನ್ನೊಂದನ್ನು 101ಕ್ಕೆ ಇಟ್ಟರೆ ಎರಡೂ ಸೇರಿ ಸೆಕೆಂಡಿಗೊಮ್ಮೆ ಉಬ್ಬಿ ಇಳಿಯುತ್ತವೆ. ಒಂದೇ ಬೆರಳಿಗೆ ಗೋಡೆಯಷ್ಟು ಸದ್ದು. ಗಿಟಾರಿನಲ್ಲಿ ಬರೀ ಮೂರು ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗುಚ್ಛ) ಗೊತ್ತಿದ್ದ ಪಂಕ್ ಹುಡುಗನಿಗೆ ಇದಕ್ಕಿಂತ ಇನ್ನೇನು ಬೇಕು?

ಲಯದ ಕಡೆಯೂ ಇಂಥದ್ದೇ ಆಯಿತು. ಬ್ಲಾಂಡಿ ತಂಡದ ‘ಹಾರ್ಟ್ ಆಫ್ ಗ್ಲಾಸ್’ ಶುರುವಾಗುವಾಗ ಟಿಕ್‌ಟಿಕ್ ಅನ್ನುವುದು ರೋಲ್ಯಾಂಡ್ ಸಿಆರ್-78 ಎಂಬ ಡ್ರಮ್ ಮಷೀನ್. ಡ್ರಮ್ಮರ್ ಕ್ಲೆಮ್ ಬರ್ಕ್ ಅದಕ್ಕೆ ಹೊಂದಿಸಿಕೊಂಡು ನುಡಿಸಬೇಕಾಯಿತು. ಒಳ್ಳೆಯ ಡ್ರಮ್ಮರ್ ಕೂಡ ಸಾಮಾನ್ಯವಾಗಿ 10ರಿಂದ 20 ಮಿಲಿಸೆಕೆಂಡ್ ಆಚೀಚೆ ಬಾರಿಸುತ್ತಾನೆ. ಅದು ನಮಗೆ ತಪ್ಪಾಗಿ ಕೇಳಿಸುವುದಿಲ್ಲ, ಜೀವಂತವಾಗಿ ಕೇಳಿಸುತ್ತದೆ. ಮಷೀನಿಗೆ ಆ ಓಲಾಟವಿಲ್ಲ. ನ್ಯೂ ವೇವ್‌ನ ಆ ಸೆಟೆದುಕೊಂಡ, ಸ್ವಲ್ಪ ನರ್ವಸ್ ಗುಣಕ್ಕೆ ಇದೂ ಒಂದು ಕಾರಣ ಅಂತ ನನ್ನ ಲೆಕ್ಕ. ಅಂದ ಹಾಗೆ, ಅದೇ ಹಾಡಿನ ನಡುವೆ ಬರೀ ವಾದ್ಯಗಳ ಭಾಗ ಏಳು ಎಣಿಕೆಯಲ್ಲಿ ಓಡುತ್ತದೆ. ಮಿಶ್ರಛಾಪು ಕೇಳಿ ಬೆಳೆದವರಿಗೆ ಏಳು ಹೊಸದಲ್ಲ, ಆದರೆ ಡಿಸ್ಕೋದಲ್ಲಿ ಕುಣಿಯುತ್ತಿದ್ದವರ ಪಾಡು ಏನಾಗಿರಬೇಡ!

ಹಾಗಾದರೆ ಸಿಂಥ್ ಮತ್ತು ಮಷೀನ್ ಇದ್ದರೆ ನ್ಯೂ ವೇವ್ ಅನ್ನೋಣವೇ? ಆಗ ನ್ಯೂ ವೇವ್ ಎಂದೇ ಕರೆಸಿಕೊಳ್ಳುವ ಎಲ್ವಿಸ್ ಕಾಸ್ಟೆಲೊ ತಂಡದ ಹಳೇ ಕಾಲದ ಆರ್ಗನ್ ಏನು ಮಾಡುವುದು? ಮನೋವಿಜ್ಞಾನಿ ಎಲೀನರ್ ರೋಶ್ 1970ರ ದಶಕದಲ್ಲಿ ತೋರಿಸಿದ ಒಂದು ವಿಷಯ ಇಲ್ಲಿ ಕೆಲಸಕ್ಕೆ ಬರುತ್ತದೆ. ನಾವು ಗುಂಪುಗಳನ್ನು ಬೇಲಿ ಹಾಕಿ ಗುರುತಿಸುವುದಿಲ್ಲ, ನಡುವಿನ ಒಂದು ಮಾದರಿಗೆ ಎಷ್ಟು ಹತ್ತಿರ ಎಂದು ನೋಡುತ್ತೇವೆ. ಗುಬ್ಬಿಯಂಥ ಪುಟ್ಟ ಹಕ್ಕಿಯನ್ನು ಹಕ್ಕಿ ಎನ್ನಲು ಯೋಚಿಸಬೇಕಿಲ್ಲ, ಪೆಂಗ್ವಿನ್‌ಗೆ ಒಂದು ಕ್ಷಣ ಜಾಸ್ತಿ ಬೇಕು. ನ್ಯೂ ವೇವ್‌ನ ತೊಂದರೆ ಇನ್ನೂ ಒಂದು ಸುತ್ತು ಹೆಚ್ಚಿನದು: ಇದರ ನಡುವೇ ಜಾಗ ಬದಲಿಸಿತು. 1977ರಲ್ಲಿ ನಡುವೆ ಇದ್ದದ್ದು ಗಿಟಾರ್. 1981ರ ಆಗಸ್ಟ್ 1ರಂದು ಅಮೆರಿಕದಲ್ಲಿ ಹಾಡಿನ ವಿಡಿಯೋಗಳ ಟಿವಿ ಚಾನೆಲ್ ಎಂಟಿವಿ ಶುರುವಾಯಿತು. ವಿಡಿಯೋ ಮಾಡಿಟ್ಟುಕೊಂಡಿದ್ದ ಬ್ರಿಟಿಷ್ ಸಿಂಥ್ ತಂಡಗಳಿಗೆ ಅಮೆರಿಕದ ಬಾಗಿಲು ತೆರೆಯಿತು. ಆ ಹೊತ್ತಿಗೆ ಬ್ರಿಟನ್ನಿನವರು ಈ ಹೆಸರನ್ನು ಹೆಚ್ಚುಕಡಿಮೆ ಕೈಬಿಟ್ಟು ಸಿಂಥ್‌ಪಾಪ್, ನ್ಯೂ ರೊಮ್ಯಾಂಟಿಕ್ ಅಂತ ಬೇರೆ ಹೆಸರುಗಳಿಗೆ ಹೋಗಿದ್ದರು. ಅಮೆರಿಕದವರು ಮಾತ್ರ ಬಂದವರನ್ನೆಲ್ಲ ನ್ಯೂ ವೇವ್ ಚೀಲಕ್ಕೆ ತುಂಬಿದರು.

ಕಂಪ್ಯೂಟರ್ ಏನನ್ನುತ್ತದೆ? 2015ರಲ್ಲಿ ಮಥಿಯಾಸ್ ಮೌಕ್ ಮತ್ತು ಜೊತೆಗಾರರು 1960ರಿಂದ 2010ರವರೆಗಿನ ಅಮೆರಿಕದ ಬಿಲ್‌ಬೋರ್ಡ್ ಹಾಟ್ 100 ಪಟ್ಟಿಯ ಸುಮಾರು 17,000 ಹಾಡುಗಳ ತುಣುಕುಗಳನ್ನು ಅಳೆದರು. ಹೆಸರು ಹೇಳದೆ, ಸದ್ದಿನ ಆಧಾರದ ಮೇಲೆಯೇ 13 ಗುಂಪು ಮಾಡಿಸಿದರು. ಮೂರು ಸಲ ದೊಡ್ಡ ಪಲ್ಲಟ ಕಂಡಿತು: 1964, 1983, 1991. ಅದರಲ್ಲಿ 1983ರದ್ದು ಸಿಂಥ್, ಸ್ಯಾಂಪ್ಲರ್ (ಧ್ವನಿಮುದ್ರಿತ ತುಣುಕುಗಳನ್ನು ಮತ್ತೆ ನುಡಿಸುವ ಯಂತ್ರ), ಡ್ರಮ್ ಮಷೀನ್‌ಗಳ ಕಾಲ. ಆಗ ಹಿಗ್ಗಿದ ಗುಂಪುಗಳಲ್ಲಿ ನ್ಯೂ ವೇವ್ ಕಡೆಯದೂ ಒಂದು.

ನನಗಿದು ಪೂರ್ತಿ ಸಮಾಧಾನ ಕೊಡುವುದಿಲ್ಲ. ಗುಂಪು ಮಾಡಿದ್ದು ಕಂಪ್ಯೂಟರ್, ನಿಜ. ಆದರೆ ಯಾವ ಗುಂಪಿಗೆ ಏನು ಹೆಸರು ಎಂಬುದಕ್ಕೆ ನೋಡಿದ್ದು ಕೇಳುಗರು ಇಂಟರ್‌ನೆಟ್‌ನಲ್ಲಿ ಹಾಡುಗಳಿಗೆ ಅಂಟಿಸಿದ್ದ ಚೀಟಿಗಳನ್ನೇ. ಜೊತೆಗೆ ಲೆಕ್ಕಕ್ಕೆ ಬಂದದ್ದು ಹಿಟ್ ಹಾಡುಗಳು ಮಾತ್ರ. ಸೈರ್ ಕಂಪನಿ ಯಾರಿಗೋಸ್ಕರ ಈ ಚೀಟಿ ಅಂಟಿಸಿತ್ತೋ ಅವರು ಆ ಪಟ್ಟಿಯಲ್ಲಿ ಕಾಣುವುದೇ ಅಪರೂಪ. ರಮೋನ್ಸ್ ಹಾಡು ಅಮೆರಿಕದ ಟಾಪ್ 40 ಒಮ್ಮೆಯೂ ಮುಟ್ಟಲಿಲ್ಲ. ಟಾಕಿಂಗ್ ಹೆಡ್ಸ್ ಟಾಪ್ 10ರೊಳಗೆ ಬಂದದ್ದು ಒಂದೇ ಒಂದು ಸಲ, ಅದೂ 1983ರಲ್ಲಿ, 9ನೇ ಸ್ಥಾನಕ್ಕೆ.